ಪ್ಲೆಕೊಗೆ ವೇಫರ್, ಜುಕಿನಿ, ಜೆಲ್: ಮೂರನ್ನೂ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಜುಕಿನಿಗೆ. ಪ್ಲೆಕೊ ಅಂದರೆ ಅಕ್ವೇರಿಯಂನಲ್ಲಿ ಗಾಜಿಗೆ ಬಾಯಿ ಅಂಟಿಸಿ ಪಾಚಿ ಕೆರೆದು ತಿನ್ನುವ ಮೀನು. ಅದರ ಊಟಕ್ಕೆ ಪಾಚಿಯ ಒಣ ಬಿಲ್ಲೆ (ವೇಫರ್), ಸೌತೆಕಾಯಿಯ ಹಾಗಿರುವ ತರಕಾರಿ ಜುಕಿನಿ, ಪುಡಿ ಕಲಸಿ ಮಾಡುವ ಜೆಲ್ ಮೂರನ್ನೂ ಹಾಕಿ ನೋಡಿದೆ. ಪ್ಲೆಕೊಗೆ ಅಂತ ತಂದ ಒಂದು ದೊಡ್ಡ ಡಬ್ಬಿ ವೇಫರ್ ಪೂರ್ತಿ ಅದೇ ಟ್ಯಾಂಕಿನ ಮೋಲಿ ಮೀನುಗಳ ಹೊಟ್ಟೆ ಸೇರಿದ ಮೇಲೆ ಬಂದ ಬುದ್ಧಿ ಇದು.

ನನ್ನ ಹತ್ತಿರ ಇರುವುದು ಬ್ರಿಸಲ್‌ನೋಸ್ ಪ್ಲೆಕೊ, ಒಂದೇ ಒಂದು. ಮೂತಿಯ ಮೇಲೆ ಪೊದೆಯ ಹಾಗೆ ಮೀಸೆ ಬೆಳೆದ ಮೇಲೆ ಗಂಡು ಅಂತ ಗೊತ್ತಾಯಿತು. ಅದೇ ಟ್ಯಾಂಕಿನಲ್ಲಿ ಮೋಲಿಗಳು, ಲೆಮನ್ ಟೆಟ್ರಾಗಳು, ತಳದಲ್ಲಿ ಹುಡುಕಿ ತಿನ್ನುವ ಆರು ಕೋರಿಡೋರಸ್ (ಕೋರಿಗಳು), ಒಂದು ಏಂಜೆಲ್ ಮೀನು ಇವೆ. ಮಾರಿದವರು ‘ಪಾಚಿ ತಿಂದುಕೊಂಡು ಇರುತ್ತೆ, ಬೇರೇನೂ ಹಾಕಬೇಡಿ’ ಅಂದಿದ್ದರು. ಎರಡೇ ವಾರದಲ್ಲಿ ಗಾಜು ಫಳಫಳ ಅಂತಿತ್ತು. ನಾನು ಖುಷಿಪಟ್ಟೆ. ಪಾಚಿ ಮುಗಿದ ಮೇಲೆ ಅದು ಏನು ತಿನ್ನಬೇಕು ಅಂತ ಮಾತ್ರ ಯೋಚಿಸಲಿಲ್ಲ.

ಒಂದು ದಿನ ಅದು ಮುಂದಿನ ಗಾಜಿಗೆ ಅಂಟಿಕೊಂಡು ಕೂತಿದ್ದಾಗ ಹೊಟ್ಟೆ ಕಾಣಿಸಿತು. ಒಳಗೆ ಹೋಗಿ ಗುಳಿ ಬಿದ್ದಿತ್ತು. ಬೆನ್ನು, ಪಕ್ಕೆ ಎಲ್ಲ ಎಲುಬಿನ ತಟ್ಟೆಗಳ ಕವಚ ಅಲ್ವಾ, ಮೇಲಿಂದ ಎಷ್ಟು ನೋಡಿದರೂ ಮೀನು ಬಡವಾಗಿದ್ದು ಗೊತ್ತಾಗುವುದಿಲ್ಲ. ಹೊಟ್ಟೆಯ ಕಡೆ ಮಾತ್ರ ಬರೀ ಚರ್ಮ. ಈಗ ವಾರಕ್ಕೊಮ್ಮೆಯಾದರೂ ಅದು ಗಾಜಿಗೆ ಅಂಟುವುದನ್ನೇ ಕಾದು ಹೊಟ್ಟೆ ನೋಡುತ್ತೇನೆ. ಸಪಾಟಾಗಿಯೋ ಸ್ವಲ್ಪ ಉಬ್ಬಿಯೋ ಇದ್ದರೆ ಸರಿ. ಅದೇ ದಿನಗಳಲ್ಲಿ ಏಂಜೆಲ್ ಮೈಮೇಲೆ ಕೆರೆದ ಹಾಗೆ ಮಸುಕು ಗುರುತುಗಳೂ ಕಂಡಿದ್ದವು. ಹಸಿದ ಪ್ಲೆಕೊ ರಾತ್ರಿ ಅಗಲ ಮೈಯ, ನಿಧಾನದ ಮೀನಿಗೆ ಅಂಟಿಕೊಂಡು ಅದರ ಮೈಲೋಳೆ ಕೆರೆದು ತಿನ್ನುವುದುಂಟು. ಜಗಳಗಂಟ ಅಂತ ಬೈದಿದ್ದೆ, ಪಾಪ, ಅದಕ್ಕೆ ಊಟ ಇರಲಿಲ್ಲ ಅಷ್ಟೇ.

ಹಾಗೆ ವೇಫರ್ ಬಂತು. ವೇಫರ್ ಮೇಲೆ ನನಗೆ ದೂರೇನೂ ಇಲ್ಲ. ತಳಕ್ಕೆ ಮುಳುಗುತ್ತದೆ, ಪಾಚಿಯ ಜೊತೆ ಪ್ರೋಟೀನೂ ಇರುತ್ತದೆ, ಕೈ ಕೊಳೆಯಾಗುವುದಿಲ್ಲ. ತೊಂದರೆ ಇರುವುದು ಟ್ಯಾಂಕಿನ ಉಳಿದ ಮಂದಿಯಲ್ಲಿ. ಸಂಜೆ ಲೈಟ್ ಇರುವಾಗ ಒಂದು ಬಿಲ್ಲೆ ಹಾಕಿದರೆ ತಳ ಮುಟ್ಟುವಷ್ಟರಲ್ಲಿ ನಾಲ್ಕು ಮೋಲಿ ಸುತ್ತುವರಿದಿರುತ್ತಿದ್ದವು. ಮೋಲಿಗೂ ಪಾಚಿ ಅಂದರೆ ಪ್ರಾಣ. ಅವು ಕಚ್ಚಿ ಉದುರಿಸಿದ್ದನ್ನು ಕೋರಿಗಳು ಆರಿಸಿಕೊಳ್ಳುತ್ತಿದ್ದವು. ಪ್ಲೆಕೊ ತನ್ನ ಗುಹೆಯ ಬಾಯಲ್ಲಿ ಮೂತಿ ಇಟ್ಟುಕೊಂಡು ಸುಮ್ನೆ ನೋಡುತ್ತಿತ್ತು.

ಬೇರೆ ಮೀನುಗಳಿಗೆ ಒಂದು ಮೂಲೆಯಲ್ಲಿ ಫ್ಲೇಕ್ ಹಾಕಿ, ಇನ್ನೊಂದು ಮೂಲೆಯಲ್ಲಿ ಮೆಲ್ಲಗೆ ವೇಫರ್ ಬಿಟ್ಟೆ. ಎರಡು ದಿನ ಮೋಸ ಹೋದವು. ಮೂರನೇ ದಿನ ಎರಡು ಮೋಲಿ ಈ ಮೂಲೆಯಲ್ಲೇ ಮೊದಲೇ ಬಂದು ನಿಂತಿದ್ದವು. ಗುಹೆಯ ಒಳಗೇ ವೇಫರ್ ತಳ್ಳಿದೆ. ಟೆಟ್ರಾಗಳು ನುಗ್ಗಿದವು, ಪ್ಲೆಕೊ ಬಾಲ ಬೀಸಿ ಓಡಿಸಿತು, ಆ ಗಲಾಟೆಯಲ್ಲಿ ವೇಫರ್ ಹೊರಗೆ ಬಿತ್ತು, ಮೋಲಿಗಳು ಎತ್ತಿಕೊಂಡು ಹೋದವು. ಕೊನೆಗೆ, ಎಲ್ಲರಿಗೂ ಸಾಕಾಗಲಿ ಅಂತ ಒಟ್ಟಿಗೆ ನಾಲ್ಕು ಹಾಕಿದೆ. ದೊಡ್ಡ ತಪ್ಪು. ಉಳಿದದ್ದು ಜಲ್ಲಿಯ ಸಂದಿಗೆ ಇಳಿದು ಕೊಳೆಯಿತು, ನೀರು ಮಂಕಾಯಿತು. ಬೆಳಿಗ್ಗೆ ನೋಡಿದರೆ ಪ್ಲೆಕೊ ಎರಡು ನಿಮಿಷಕ್ಕೊಮ್ಮೆ ಬಾಣದ ಹಾಗೆ ಮೇಲಕ್ಕೆ ಹೋಗಿ ಗಾಳಿ ನುಂಗಿ ಬರುತ್ತಿತ್ತು. ನುಂಗಿದ ಗಾಳಿಯಿಂದ ಆಮ್ಲಜನಕ ಹೀರಿಕೊಳ್ಳುವುದು ಅದರ ಹೊಟ್ಟೆಗೆ ಗೊತ್ತು, ಹಾಗಾಗಿ ಯಾವಾಗಲೋ ಒಮ್ಮೆ ಹೀಗೆ ಮಾಡಿದರೆ ಹೆದರಬೇಕಿಲ್ಲ. ಬಿಡದೆ ಮಾಡಿದರೆ ನೀರು ಕೆಟ್ಟಿದೆ ಅಂತಲೇ ಲೆಕ್ಕ. ಕೊಳೆತದ್ದರಿಂದ ನೀರಿಗೆ ಸೇರುವ ವಿಷ ಅಮೋನಿಯಾ, ಅದರ ಟೆಸ್ಟ್ ಮಾಡಿದೆ, ಸೊನ್ನೆ ಇರಬೇಕಾದ್ದು ಸೊನ್ನೆ ಇರಲಿಲ್ಲ. ಆ ದಿನದ ಕೆಲಸವೆಲ್ಲ ಬಿಟ್ಟು ನೀರು ಬದಲಿಸಿದ್ದೇ ಆಯಿತು.

ಆಮೇಲೆ ಒಂದು ರಾತ್ರಿ ಲೈಟ್ ಆರಿಸಿ, ಟಾರ್ಚಿಗೆ ಕೆಂಪು ಕಾಗದ ಸುತ್ತಿ ಎದುರಿಗೆ ಕೂತೆ. ಪ್ಲೆಕೊ ಕಣ್ಣು ವಿಚಿತ್ರ. ಅದಕ್ಕೆ ರೆಪ್ಪೆ ಇಲ್ಲ. ಬೆಳಕು ಜಾಸ್ತಿಯಾದರೆ ಪಾಪೆಯ ಮೇಲೆ ಸಣ್ಣ ಮಡಿಕೆಯೊಂದು ಇಳಿದು ಮುಚ್ಚುತ್ತದೆ, ಕತ್ತಲಾದರೆ ಮಡಿಕೆ ಸರಿದು ಪಾಪೆ ದುಂಡಗಾಗುತ್ತದೆ. ಅಂಥ ಮೀನಿಗೆ ನಾನು ಲೈಟ್ ಹಾಕಿಟ್ಟು ಊಟ ಬಡಿಸುತ್ತಿದ್ದೆ! ಅರ್ಧ ಗಂಟೆಯಾಗುವಾಗ ಮೋಲಿಗಳು ಗಿಡದ ಹತ್ತಿರ ಅಲ್ಲಾಡದೆ ನಿಂತವು. ನಲವತ್ತು ನಿಮಿಷಕ್ಕೆ ಪ್ಲೆಕೊ ಹೊರಗೆ ಬಂತು. ಒಂದು ವೇಫರ್ ಬಿಟ್ಟೆ. ಅದು ಹೋಗಿ ವೇಫರ್ ಮೇಲೆ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ ಮೈಚಾಚಿ ಕೂತಿತು. ಕೋರಿಗಳು ಪಕ್ಕದಿಂದ ಮೂತಿ ತೂರಿಸಿದರೂ ಬಿಡಲಿಲ್ಲ.

ಹಾಗಾದರೆ ವೇಫರೇ ಸಾಕಲ್ವಾ? ಸಾಕು, ನೀವು ತಡವಾಗಿ ಮಲಗುವವರಾದರೆ. ನಾನು ಹತ್ತಕ್ಕೆ ಮಲಗುವವನು. ದಿನಾ ಲೈಟ್ ಆರಿಸಿ ನಲವತ್ತು ನಿಮಿಷ ಕಾಯುವುದು ನನ್ನಿಂದಾಗದ ಕೆಲಸ.

ಜುಕಿನಿ ಗೆದ್ದಿದ್ದು ಇಲ್ಲಿ. ಮಲಗುವಾಗ ಒಂದು ದಪ್ಪ ಬಿಲ್ಲೆ ಇಳಿಬಿಟ್ಟರೆ ಬೆಳಗಿನ ತನಕ ಹಾಗೇ ಇರುತ್ತದೆ. ಮೋಲಿಗಳು ಕುಟುಕುತ್ತವೆ, ಆದರೆ ಅವುಗಳ ಬಾಯಿಗೆ ಎಷ್ಟು ತಾನೇ ಬರುತ್ತದೆ? ಪ್ಲೆಕೊದ ಬಾಯಲ್ಲಿ ಸಾಲು ಸಾಲು ಸಣ್ಣ ಹಲ್ಲುಗಳಿವೆ, ತುರಿಮಣೆಯಲ್ಲಿ ತುರಿದ ಹಾಗೆ ತುರಿಯುತ್ತದೆ. ಬೆಳಿಗ್ಗೆ ನೋಡಿದರೆ ಬಳೆಯ ಹಾಗೆ ಸಿಪ್ಪೆ ಮಾತ್ರ ಉಳಿದಿರುತ್ತದೆ.

ಹಸಿ ಬಿಲ್ಲೆ ತೇಲುತ್ತದೆ. ಸ್ಟೀಲ್ ಫೋರ್ಕಿಗೆ ಚುಚ್ಚಿ ಮುಳುಗಿಸುತ್ತೇನೆ, ಬೆಳಿಗ್ಗೆ ಎತ್ತುವುದೂ ಸುಲಭ. ಒಂದೆರಡು ನಿಮಿಷ ಕುದಿಸಿದರೆ ಮೆತ್ತಗಾಗುತ್ತದೆ. ಒಮ್ಮೆ ಒಲೆಯ ಮೇಲೆ ಮರೆತು ಗಂಜಿ ಮಾಡಿದೆ. ಅಂದಿನಿಂದ ಕುದಿಸುವ ಗೋಜಿಗೇ ಹೋಗಿಲ್ಲ. ಚೆನ್ನಾಗಿ ತೊಳೆದು, ಒಂದೇ ಸಲಕ್ಕೆ ಹತ್ತು ಬಿಲ್ಲೆ ಕತ್ತರಿಸಿ ಫ್ರೀಜರಿಗೆ ಹಾಕುತ್ತೇನೆ. ಹೆಪ್ಪುಗಟ್ಟಿ ಕರಗಿದ ಬಿಲ್ಲೆ ತಾನೇ ಮೆತ್ತಗಾಗಿರುತ್ತದೆ.

ಮೊದಲ ಮೂರು ರಾತ್ರಿ ನನ್ನ ಮೀನು ಜುಕಿನಿ ಮೂಸಿಯೂ ನೋಡಲಿಲ್ಲ. ದಂಡ ಅಂದುಕೊಂಡಿದ್ದೆ. ನಾಲ್ಕನೇ ರಾತ್ರಿ ಹತ್ತಿತು, ಬೆಳಿಗ್ಗೆ ನಾನು ಬಂದರೂ ಇಳಿಯಲಿಲ್ಲ. ಫೋರ್ಕ್ ಎತ್ತಿದರೆ ಅದೂ ಜೊತೆಗೇ ಮೇಲೆ ಬಂತು.

ಸೌತೆಕಾಯಿ: ಬೀಜ ಚೆಲ್ಲಾಡುತ್ತದೆ, ಬೇಡ. ಸಿಹಿಗೆಣಸು: ಜುಕಿನಿಗಿಂತ ಸತ್ವ ಜಾಸ್ತಿ, ನೀರು ಬೇಗ ಮಂಕಾಗುತ್ತದೆ, ಅಪರೂಪಕ್ಕೆ ಸರಿ.

ಜುಕಿನಿಯಲ್ಲಿ ನೂರಕ್ಕೆ 95ರ ಹತ್ತಿರ ನೀರೇ, ಇದನ್ನು ಮುಚ್ಚಿಡುವುದಿಲ್ಲ. ಅದೊಂದನ್ನೇ ಹಾಕಿದರೆ ಹೊಟ್ಟೆ ತುಂಬಿದ ಹಾಗೆ ಕಾಣುತ್ತದೆ, ಮೀನು ಬೆಳೆಯುವುದಿಲ್ಲ. ಸತ್ವದ ಲೆಕ್ಕದಲ್ಲಿ ಗೆಲ್ಲುವುದು ಜೆಲ್. ಪುಡಿಯನ್ನು ಕುದಿಯುವ ನೀರಿಗೆ ಕಲಸಿ, ಬಿಸಿ ಇರುವಾಗಲೇ ಒಂದು ಚಪ್ಪಟೆ ಕಲ್ಲಿಗೆ ಬಳಿದರೆ ಅದರ ಮೇಲೇ ಗಟ್ಟಿಯಾಗುತ್ತದೆ. ಕಲ್ಲನ್ನು ಹಾಗೇ ಇಳಿಬಿಡುವುದು. ಪ್ಲೆಕೊ ಅದನ್ನು ಕೆರೆಯುವುದು ನೋಡಲು ಚೆಂದ, ಹೊಳೆಯಲ್ಲಿ ಬಂಡೆ ಕೆರೆಯುವ ಮೀನಲ್ವಾ. ಆದರೆ ಪುಡಿ ದುಬಾರಿ, ಮೋಲಿಗಳ ಪಾಲು ಇಲ್ಲೂ ತಪ್ಪುವುದಿಲ್ಲ. ಉಳಿದ ಜೆಲ್ ಐಸ್ ಟ್ರೇಯಲ್ಲಿ ಇಟ್ಟಿದ್ದೆ. ಮನೆಗೆ ಬಂದ ನೆಂಟರೊಬ್ಬರು ಹಸಿರು ಐಸ್ ಅಂದುಕೊಂಡು ಶರಬತ್ತಿಗೆ ಹಾಕಿಕೊಂಡರು. ಅಲ್ಲಿಗೆ ಜೆಲ್ ಪ್ರಯೋಗ ಮುಗಿಯಿತು.

ಟ್ಯಾಂಕಿನಲ್ಲಿ ಒಂದು ಡ್ರಿಫ್ಟ್‌ವುಡ್ (ನೀರಲ್ಲಿ ನೆನೆದ ಮರ) ತುಂಡು ಮೊದಲಿಂದಲೂ ಇದೆ, ಪ್ಲೆಕೊ ಅದನ್ನೂ ಕೆರೆಯುತ್ತದೆ, ಯಾವ ಊಟ ಹಾಕಿದರೂ ಅದು ಇರಲಿ.

ಈಗ ನಡೆಯುತ್ತಿರುವುದು ಹೀಗೆ: ವಾರದಲ್ಲಿ ನಾಲ್ಕು ರಾತ್ರಿ ಜುಕಿನಿ. ಸಿನಿಮಾ ನೋಡುತ್ತಾ ತಡವಾಗುವ ಎರಡು ರಾತ್ರಿ ಒಂದೊಂದು ವೇಫರ್, ಅದೂ ಲೈಟ್ ಆರಿಸಿ ಮುಕ್ಕಾಲು ಗಂಟೆಯಾದ ಮೇಲೆ. ಒಂದು ರಾತ್ರಿ ಏನೂ ಇಲ್ಲ. ಏಂಜೆಲ್ ಮೈಮೇಲಿನ ಗುರುತು ಮಾಸಿದೆ. ಎರಡನೇ ವೇಫರ್ ಡಬ್ಬಿ ತಂದು ಐದು ತಿಂಗಳಾಯಿತು, ಇನ್ನೂ ಅರ್ಧ ಉಳಿದಿದೆ.