103 ಅಥವಾ 201: ಯಾವ ಜಪಾನಿ ಲೋಕಲ್ ರೈಲಿನ ಮಾದರಿ ಕಟ್ಟುವುದು?
ಬಣ್ಣ ಬಳಿಯುವುದೇ ಖುಷಿಯಾದರೆ 103 ಆರಿಸಿ. 1963ರಿಂದ ಸುಮಾರು 3,400 ಬೋಗಿಗಳು ತಯಾರಾದವು: ಟೋಕಿಯೊದ ಯಾಮನೋತೆ ಮಾರ್ಗಕ್ಕೆ ಎಳೆಹಸಿರು, ಚುವೊಗೆ ಕಿತ್ತಳೆ, ಕೇಹಿನ್-ತೊಹೊಕುಗೆ ಆಕಾಶನೀಲಿ. ತೊಡಕು ಮುಖದ್ದು. 1974ರಿಂದ ಚಾಲಕರ ಕೊಠಡಿ ಎತ್ತರವಾಯಿತು. ಅದರ ಕಿಟಕಿ ಹಳೆಯ ತಗ್ಗು ಮುಖಕ್ಕೆ ಕೂರದು. ಬಿಡಿಭಾಗ ಕೊಳ್ಳುವ ಮೊದಲೇ ಮಾರ್ಗ, ಇಸವಿ ಗಟ್ಟಿಮಾಡಿಕೊಳ್ಳಿ.

ತಂತ್ರಜ್ಞಾನದ ಆಸಕ್ತಿಯಿದ್ದರೆ 201. ಹೊರಡುವಾಗ 103 ರೈಲು ರೆಸಿಸ್ಟರ್‌ಗಳಲ್ಲಿ ವಿದ್ಯುತ್ತನ್ನು ಬಿಸಿಯಾಗಿಸಿ ಕಳೆಯುತ್ತಿತ್ತು. 1979ರಲ್ಲಿ ಬಂದ 201ರ ಥೈರಿಸ್ಟರ್ ಚಾಪರ್ (ವಿದ್ಯುತ್ತನ್ನು ವೇಗವಾಗಿ ಕಡಿದು ಕಡಿದು ಕೊಡುವ ಎಲೆಕ್ಟ್ರಾನಿಕ್ ಸ್ವಿಚ್) ಆ ನಷ್ಟ ತಪ್ಪಿಸಿತು, ಬ್ರೇಕ್ ಹಾಕಿದಾಗ ವಿದ್ಯುತ್ತನ್ನು ತಂತಿಗೆ ಮರಳಿಸಿತು. ಎಷ್ಟು ಚೆಂದದ ಕೆಲಸ! ಬೆಲೆ ಮಾತ್ರ ಜಾಸ್ತಿ. ಅದಕ್ಕೇ 1985ರಲ್ಲಿ ಅಗ್ಗದ ನಿಯಂತ್ರಣದ 205 ಬಂತು. ಮಾದರಿಯಲ್ಲಿ ಈ ವ್ಯತ್ಯಾಸ ಕಾಣುವುದು ಬೋಗಿಯಡಿಯ ಪೆಟ್ಟಿಗೆಗಳಲ್ಲಿ. ಅವನ್ನು ಅದಲುಬದಲು ಮಾಡಬೇಡಿ.

1:150 ಅಳತೆಯಲ್ಲಿ ಎರಡರ ಬೋಗಿಯೂ ಸುಮಾರು 13 ಸೆಂ.ಮೀ., ಹತ್ತು ಬೋಗಿಗೆ 1.3 ಮೀಟರ್. ಮೇಜು ಚಿಕ್ಕದಾದರೆ ನಾರಾ ಮಾರ್ಗದ ನಾಲ್ಕು ಬೋಗಿಯ 103 ಸಾಕು.