ಹಳೆಯ ಫಿಲ್ಮ್ ರೀಲಿಗೆ ಯಾವ ಡಬ್ಬಿ? ನಾಲ್ಕು ಬಗೆ ಇಟ್ಟು ನೋಡಿದ್ದು

ಡಬ್ಬಿ ಆರಿಸುವ ಮುಂಚೆ ರೀಲನ್ನು ಮೂಸಿ ನೋಡಿ. ವಿನೆಗರ್ ವಾಸನೆ ಬರುತ್ತಿದ್ದರೆ ಅದಕ್ಕೆ ಬೇಕಾದ ಡಬ್ಬಿಯೇ ಬೇರೆ.

ದಾವಣಗೆರೆಯ ನಮ್ಮ ಮನೆಯಲ್ಲಿ ಚಿಕ್ಕಪ್ಪ ತೆಗೆದ ಸೂಪರ್ 8 ರೀಲುಗಳು, ಅಂದರೆ ಮನೆಮಂದಿಯೇ ಸಿನಿಮಾ ತೆಗೆಯಲು ಬಳಸುತ್ತಿದ್ದ 8 ಮಿಲಿಮೀಟರ್ ಅಗಲದ ಫಿಲ್ಮು, ಬೇಕಾದಷ್ಟಿವೆ. ದುಗ್ಗಮ್ಮನ ಜಾತ್ರೆ, ಮದುವೆ, ತೊಟ್ಟಿಲು ಶಾಸ್ತ್ರ, ಎಲ್ಲ ಇದೆ. 50 ಅಡಿಯ ಒಂದು ರೀಲು ಸೆಕೆಂಡಿಗೆ 18 ಫ್ರೇಮಿನಂತೆ ಓಡಿದರೆ 3 ನಿಮಿಷ 20 ಸೆಕೆಂಡು, ಅಷ್ಟೇ. ಆದರೆ ಅಜ್ಜಿ ನಡೆದಾಡುವುದನ್ನು ನೋಡಬೇಕೆಂದರೆ ನಮಗೆ ಇರುವುದು ಅದೊಂದೇ. ಹಾಗಾಗಿ ಬೆಳಕು ಬಿದ್ದು ಚಿತ್ರ ಹಾಳಾಗಿದ್ದ ರೀಲುಗಳನ್ನು ಮೊದಲು ಬೇರೆ ಬೇರೆ ಡಬ್ಬಿಗಳಲ್ಲಿ ಹಾಕಿ, ಬೇಸಿಗೆ ಮಳೆಗಾಲ ಎರಡನ್ನೂ ದಾಟಿಸಿ ನೋಡಿದೆ.

ಇಂಥ ರೀಲುಗಳು ಹೆಚ್ಚಾಗಿ ಅಸಿಟೇಟ್ ಎಂಬ ಒಂದು ಬಗೆಯ ಪ್ಲಾಸ್ಟಿಕ್ಕಿನ ಫಿಲ್ಮಿನವು. ಸೆಕೆ, ತೇವ ತಾಗಿದಾಗ ಅದು ನಿಧಾನವಾಗಿ ಅಸಿಟಿಕ್ ಆಮ್ಲ ಬಿಡುತ್ತದೆ, ವಿನೆಗರ್ ವಾಸನೆ ಇದರದ್ದೇ. ಆ ಆವಿ ಒಳಗೇ ಉಳಿದರೆ ಫಿಲ್ಮ್ ಇನ್ನೂ ಬೇಗ ಕೆಡುತ್ತದೆ. ಕೊನೆಗೆ ಕುಗ್ಗಿ, ಮುರುಟಿಕೊಂಡು, ಪ್ರೊಜೆಕ್ಟರಿನ ಹಲ್ಲಿಗೆ ಕೂರುವುದೇ ಇಲ್ಲ.

ಮೊದಲನೆಯದು, ರೀಲಿನ ಜೊತೆ ಬಂದ ಹಳೆಯ ರಟ್ಟಿನ ಡಬ್ಬಿ. ಗಾಳಿಯಾಡುತ್ತದೆ, ನಿಜ. ಆದರೆ ಮಳೆಗಾಲದಲ್ಲಿ ತೇವ ಹೀರುತ್ತದೆ, ಅಗ್ಗದ ರಟ್ಟಿನಲ್ಲೂ ಆಮ್ಲ ಇರುತ್ತದೆ. ಮೇಲಿನ ಬರಹ ಕತ್ತರಿಸಿಟ್ಟುಕೊಂಡು ಡಬ್ಬಿ ಬಿಟ್ಟುಬಿಡಿ.

ಎರಡನೆಯದು, ಲೋಹದ ಡಬ್ಬಿ. ಇದರಲ್ಲಿ ತಗಡಿನದಕ್ಕಿಂತ ಸ್ಟೇನ್‌ಲೆಸ್ ಸ್ಟೀಲಿನದು ಎಷ್ಟೋ ವಾಸಿ. ತಗಡಿನದರ ಅಂಚಿಗೆ ಕಂದು ಬಣ್ಣದ ತುಕ್ಕು ಬಂದಿತ್ತು. ಮುಚ್ಚಳ ತಿರುಗಿಸಿದಾಗ ಅದರ ಪುಡಿ ಸುತ್ತು ಸುತ್ತಾಗಿ ರೀಲಿನ ಮೇಲೇ ಉದುರಿತು. ಆ ಪುಡಿ ಫಿಲ್ಮನ್ನು ಗೀರದೆ ಬಿಡುತ್ತದಾ? ಸ್ಟೀಲಿನಲ್ಲಿ ಆ ಕಾಟ ಇಲ್ಲ. 400 ಅಡಿಯ 7 ಇಂಚಿನ ರೀಲು ನಮ್ಮ ಚಪಾತಿ ಡಬ್ಬಿಯಲ್ಲಿ ಸರಿಯಾಗಿ ಕೂತಿತು. ವಾಸನೆ ಇಲ್ಲದ ರೀಲಿಗೆ ಧಾರಾಳವಾಗಿ ಬಳಸಬಹುದು, ಮುಚ್ಚಳ ಮಾತ್ರ ಬಿಗಿಯಾಗಿ ಒತ್ತಬೇಡಿ.

ಈಗ ರಬ್ಬರ್ ರಿಂಗ್ ಇರುವ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ. ನೋಡಲು ಇದೇ ಎಲ್ಲಕ್ಕಿಂತ ಭದ್ರ ಅನ್ನಿಸುತ್ತದೆ, ಅಲ್ವಾ? ಸ್ವಲ್ಪವೇ ಹುಳಿ ಹಿಡಿದಿದ್ದ ರೀಲನ್ನು ಇದರಲ್ಲಿ ಇಟ್ಟಿದ್ದೆ. ಮಳೆಗಾಲ ಮುಗಿದ ಮೇಲೆ ಕ್ಲಿಪ್ ಬಿಚ್ಚಿದರೆ ಮೂಗು ಕಟ್ಟುವಷ್ಟು ಘಾಟು. ಪರೀಕ್ಷೆಗೆಂದು ಒಳಗೆ ಹಾಕಿದ್ದ ನೀಲಿ ಪಟ್ಟಿ ಹಸಿರು ದಾಟಿ ಹಳದಿಗೆ ತಿರುಗಿತ್ತು. ಅಮೆರಿಕದ ಇಮೇಜ್ ಪರ್ಮನೆನ್ಸ್ ಇನ್‌ಸ್ಟಿಟ್ಯೂಟ್ ತಯಾರಿಸುವ ಎ-ಡಿ ಪಟ್ಟಿ ಅದು. ಆಮ್ಲ ಹೆಚ್ಚಾದಷ್ಟೂ ನೀಲಿಯಿಂದ ಹಳದಿಯ ಕಡೆ ಹೋಗುತ್ತದೆ. ಹುಳಿ ರೀಲಿಗೆ ಈ ಡಬ್ಬಿ ಬೇಡವೇ ಬೇಡ.

ಕೊನೆಯದು, ಫಿಲ್ಮಿಗೆಂದೇ ಮಾಡಿದ, ಸುತ್ತಲೂ ಸಣ್ಣ ಕಿಂಡಿಗಳಿರುವ ಪಾಲಿಪ್ರೊಪಿಲೀನ್ ಡಬ್ಬಿ. ತುಕ್ಕಿಲ್ಲ, ತಾನಾಗಿ ಆಮ್ಲ ಬಿಡುವುದಿಲ್ಲ, ಒಳಗಿನ ಆವಿ ಹೊರಗೆ ಹೋಗುತ್ತದೆ. ನನ್ನ ಮಟ್ಟಿಗೆ ಇದೇ ಗೆದ್ದದ್ದು. ಆದರೆ ತರಿಸಿಕೊಳ್ಳುವ ಖರ್ಚು ಜಾಸ್ತಿ. ನಮ್ಮೂರಿನ ಧೂಳಿಗೂ ಅದರ ಕಿಂಡಿಗಳು ದಾರಿ. ಮಂಡಕ್ಕಿ ಭಟ್ಟಿ ಕಡೆ ಮನೆ ಇದ್ದವರಿಗೆ ಮಸಿಯ ವಿಷಯ ನಾನು ಹೇಳಬೇಕಾಗಿಲ್ಲ. ಹಾಗಾಗಿ ಇವನ್ನು ಬಾಗಿಲಿರುವ ಬೀರುವಿನಲ್ಲೇ ಇಡಬೇಕು.

ಅಷ್ಟು ದುಡ್ಡು ಹಾಕಲಾಗದವರಿಗೆ ನಮ್ಮ ಪ್ಲಾಸ್ಟಿಕ್ ಅಂಗಡಿಗಳಲ್ಲೇ ದಾರಿ ಇದೆ. ಡಬ್ಬಿಯ ತಳ ತಿರುಗಿಸಿ ನೋಡಿ. ತ್ರಿಕೋನದೊಳಗೆ 5 ಇದ್ದರೆ ಅದು ಪಾಲಿಪ್ರೊಪಿಲೀನ್. 3 ಇದ್ದರೆ ಪಿವಿಸಿ, ಅದನ್ನು ಮುಟ್ಟಬೇಡಿ, ಅದು ಕೆಟ್ಟಾಗ ತಾನೇ ಆಮ್ಲ ಬಿಡುತ್ತದೆ. ರಬ್ಬರ್ ರಿಂಗ್ ಇಲ್ಲದ, ಸಡಿಲ ಮುಚ್ಚಳದ 5ನೇ ನಂಬರಿನದು ತಂದು, ಪಕ್ಕದಲ್ಲಿ ಸಣ್ಣ ತೂತು ಕೊರೆದು, ಚೂರುಪಾರು ಒರೆಸಿದರೆ ಸಾಕು. ನಮ್ಮ ಮನೆಯ ಹೆಚ್ಚಿನ ರೀಲುಗಳು ಈಗ ಇವುಗಳಲ್ಲೇ ಇವೆ.

ಯಾವ ಡಬ್ಬಿ ತಂದರೂ ಅಟ್ಟಕ್ಕೆ ಮಾತ್ರ ಹಾಕಬೇಡಿ. ಏಪ್ರಿಲ್‌ನಲ್ಲಿ ಆರ್‌ಸಿಸಿ ಕಾದಾಗ ಎಂಥ ಡಬ್ಬಿಯೂ ರೀಲನ್ನು ಉಳಿಸುವುದಿಲ್ಲ. ಮನೆಯ ತಂಪು ಕೋಣೆಯಲ್ಲಿ, ಬೀರುವಿನ ಕೆಳಗಿನ ಖಾನೆಯಲ್ಲಿ, ಅಡ್ಡ ಮಲಗಿಸಿ ಇಡಿ. ನುಸಿಗುಳಿಗೆ, ರಬ್ಬರ್ ಬ್ಯಾಂಡು ಜೊತೆಗೆ ಬೇಡ. ಹುಳಿ ರೀಲುಗಳನ್ನು ಉಳಿದವುಗಳಿಂದ ದೂರ ಇಟ್ಟು, ಡಿಜಿಟಲ್ ಮಾಡಿಸುವಾಗ ಅವನ್ನೇ ಮೊದಲು ಕೊಡಿ.