ಎನ್‌ವಿಡಿಎ: ಸಾಫ್ಟ್‌ವೇರ್ ಪಾಸ್, ಪಾಠದ ಪಿಡಿಎಫ್ ಫೇಲ್

ಕಣ್ಣು ಕಾಣದವರಿಗೆ ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ವಿಂಡೋಸ್ ತಂತ್ರಾಂಶ ಎನ್‌ವಿಡಿಎ. ದುಡ್ಡು ಕೊಡಬೇಕಿಲ್ಲ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಜೊತೆಗೇ ಬರುವ, ಬರಹವನ್ನು ದನಿಯಾಗಿಸುವ ಇಸ್ಪೀಕ್ ಎನ್‌ಜಿಯಲ್ಲಿ ಕನ್ನಡವೂ ಇದೆ. ಇನ್ಸರ್ಟ್, ಕಂಟ್ರೋಲ್, ವಿ ಒಟ್ಟಿಗೆ ಒತ್ತಿ ಧ್ವನಿ ಬದಲಿಸಿಕೊಂಡರೆ ಆಯಿತು. ದನಿ ಮಾತ್ರ ಯಂತ್ರದ್ದೇ, ಮೊದಮೊದಲು ತಲೆನೋವು. ಆದರೆ ವೇಗ ಏರಿಸಿದರೂ ಅಕ್ಷರ ನುಂಗುವುದಿಲ್ಲ, ಪರೀಕ್ಷೆ ಹತ್ತಿರ ಬಂದಾಗ ಇಂಪಿಗಿಂತ ಅದೇ ಮುಖ್ಯ.

ದೂರಶಿಕ್ಷಣದ ಡಿಜಿಟಲ್ ಗ್ರಂಥಾಲಯದಿಂದ ಇಳಿಸಿಕೊಂಡ ಪಾಠ ಓದದಿದ್ದರೆ ತಪ್ಪು ಸಾಮಾನ್ಯವಾಗಿ ಇದರದ್ದಲ್ಲ, ಫೈಲಿನದು. ಬಾಣದ ಕೀ ಒತ್ತುತ್ತಾ ಒಂದೊಂದೇ ಅಕ್ಷರ ಕೇಳಿ. 'ಕನ್ನಡ' ಎಂದಿರಬೇಕಾದ ಕಡೆ 'ಪಿ, ಎ, ಪೌಂಡ್' ಎಂದರೆ ಅದು ಹಳೇ ನುಡಿ ಫಾಂಟು: ಕಣ್ಣಿಗೆ ಕನ್ನಡ, ಒಳಗೆ ಆಸ್ಕಿ, ಅಂದರೆ ಇಂಗ್ಲಿಷ್ ಅಕ್ಷರ-ಚಿಹ್ನೆಗಳ ಸಂಕೇತ. ಪಿಡಿಎಫ್ ಬಿಟ್ಟು ಮೂಲ ವರ್ಡ್ ಫೈಲು ಕೇಳಿ ಪಡೆದು, ಕನ್ನಡ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯುನಿಕೋಡ್‌ಗೆ ಪರಿವರ್ತಿಸಿ. ನಡುವಿನ ಇಂಗ್ಲಿಷ್ ಪದಗಳೂ ಕನ್ನಡದ ಕಲಸುಮೇಲೋಗರವಾಗುತ್ತವೆ, ಅವನ್ನು ಕೈಯಾರೆ ತಿದ್ದಬೇಕು.

ಏನೂ ಓದದೆ ಸುಮ್ಮನಿದ್ದರೆ ಪುಟ ಸ್ಕ್ಯಾನ್ ಆಗಿರುವ ಚಿತ್ರ. ಇನ್ಸರ್ಟ್ ಜೊತೆ ಆರ್ ಒತ್ತಿ ಪ್ರಯೋಜನವಿಲ್ಲ; ಅದು ನೆಚ್ಚುವ, ಚಿತ್ರದಿಂದ ಅಕ್ಷರ ಗುರುತಿಸುವ ವಿಂಡೋಸ್ ಒಸಿಆರ್‌ಗೆ ಕನ್ನಡ ಬರುವುದಿಲ್ಲ. ಪಿಡಿಎಫ್ ಅನ್ನು 2 ಎಂಬಿ ಮೀರದ ತುಂಡುಗಳಾಗಿ ಮಾಡಿ ಗೂಗಲ್ ಡ್ರೈವ್‌ಗೆ ಹಾಕಿ, ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಪಠ್ಯ ಸಿಗುತ್ತದೆ. ಆಮೇಲೂ ಎರಡು ಕಾಟ. ಅನುಸ್ವಾರ ಇರಬೇಕಾದಲ್ಲಿ ಸೊನ್ನೆ, ಅರ್ಕಾವೊತ್ತು ಇರಬೇಕಾದಲ್ಲಿ ಒಂಬತ್ತು ಬಂದು ಕೂರುತ್ತದೆ. ಕಣ್ಣಿಗೆ ವ್ಯತ್ಯಾಸವೇ ತಿಳಿಯದು. ಕಿವಿಗೆ 'ಧರ್ಮ' ಹೋಗಿ 'ಧಮ ಒಂಬತ್ತು'. ಪದದೊಳಗಿನ ಅಂಕಿಗಳನ್ನು ಹುಡುಕಿ ಬದಲಿಸಿ. ಒಟ್ಟಿಗೇ 'ರಿಪ್ಲೇಸ್ ಆಲ್' ಒತ್ತಿದರೆ ಇಸವಿಗಳೂ ಕೆಟ್ಟಾವು.

ಪಾಠ ಸಿದ್ಧಪಡಿಸುವವರು ಅಧ್ಯಾಯದ ಹೆಸರನ್ನು ಬರೀ ದಪ್ಪಕ್ಷರ ಮಾಡಿ ಬಿಡಬಾರದು. ವರ್ಡ್‌ನಲ್ಲಿ ಆಲ್ಟ್, ಕಂಟ್ರೋಲ್, 1 ಒತ್ತಿ ಹೆಡ್ಡಿಂಗ್ ಶೈಲಿ ಕೊಟ್ಟರೆ ಓದುವವರು ಎಚ್ ಕೀಲಿಯಿಂದ ಅಧ್ಯಾಯಕ್ಕೆ ನೆಗೆಯುತ್ತಾರೆ. ಇಲ್ಲವಾದರೆ ಏಳನೇ ಘಟಕ ಹುಡುಕಲು ಮೊದಲ ಆರನ್ನೂ ಹಾಯಬೇಕು.

ಇಷ್ಟೆಲ್ಲ ತಿಣುಕುವ ಮೊದಲು, ಮುದ್ರಿತ ಪುಸ್ತಕ ಓದಲಾಗದವರ ಆನ್‌ಲೈನ್ ಗ್ರಂಥಾಲಯವಾದ ಸುಗಮ್ಯ ಪುಸ್ತಕಾಲಯದಲ್ಲಿ ಅದೇ ಪುಸ್ತಕ ಇದೆಯೇ ನೋಡಿ. ಇಲ್ಲದಿದ್ದರೆ ದೂರಶಿಕ್ಷಣದ ಗ್ರಂಥಾಲಯಕ್ಕೆ ಬರೆಯಿರಿ. 'ಕಾಪಿರೈಟ್ ಅಡ್ಡ ಬರುತ್ತದೆ' ಎಂದರೆ, 2012ರ ತಿದ್ದುಪಡಿಯಲ್ಲಿ ಕಾಪಿರೈಟ್ ಕಾಯ್ದೆಗೆ ಸೇರಿದ 52(1)(ಝಡ್‌ಬಿ) ಕಲಮನ್ನು ಅರ್ಜಿಯಲ್ಲೇ ನಮೂದಿಸಿ. ಅಂಗವಿಕಲರಿಗಾಗಿ ಲಾಭವಿಲ್ಲದೆ ಓದಬಲ್ಲ ರೂಪಕ್ಕೆ ಪರಿವರ್ತಿಸಲು ಅದು ಅವಕಾಶ ಕೊಡುತ್ತದೆ.